ಸೂಜಿ ಯಾವಾಗ ಬಿಡಿಸಬಹುದು? ಟೈಪ್ ಒನ್ ಶುಗರ್ ಬಗ್ಗೆ ಓದುಗರ ಪ್ರಶ್ನೆಗಳು

ಮಕ್ಕಳ ಶುಗರ್ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಅಂದಿದ್ದೆ. ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಅರ್ಧಕ್ಕಿಂತ ಜಾಸ್ತಿ ಜನ ಕೇಳಿದ್ದು ಒಂದೇ ಮಾತು, ಇನ್ಸುಲಿನ್ ಸೂಜಿ ಯಾವಾಗ ಬಿಡಿಸಬಹುದು ಅಂತ. ಅದಕ್ಕೆ ಬರುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಸೂಜಿ ಹೇಗೆ ಹಾಕಿಕೊಳ್ಳಬೇಕು, ಊಟದ ಲೆಕ್ಕ ಹೇಗೆ ಇಡಬೇಕು ಅಂತ ಹುಬ್ಬಳ್ಳಿಯಲ್ಲಿ ಶುಗರ್ ಇರುವವರಿಗೆ ಕಲಿಸುವುದು ನನ್ನ ಕೆಲಸ. ಹನ್ನೊಂದನೇ ವಯಸ್ಸಿನಿಂದ ನನಗೂ ಇದೇ ಕಾಯಿಲೆ. ಎಷ್ಟು ಯೂನಿಟ್ ಹಾಕಬೇಕು ಅಂತ ಕೇಳಿದವರಿಗೆ ಇಲ್ಲಿ ಉತ್ತರ ಸಿಗುವುದಿಲ್ಲ, ಅದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ನನ್ನ ಮಗಳಿಗೆ ಎಂಟು ವರ್ಷ. ಹೋದ ದೀಪಾವಳಿ ಆದ ಮೇಲೆ ಸೊರಗುತ್ತಾ ಬಂದಳು. ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದಳು, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದಳು. ತಪಾಸಣೆ ಮಾಡಿಸಿದಾಗ ಶುಗರ್ 480. ಟೈಪ್ ಒನ್ ಅಂದರು. ನಮ್ಮ ಅತ್ತೆ, ‘ನೀನ ಉಂಡಿ ಕರ್ಚಿಕಾಯಿ ತಿನ್ನಿಸಿ ಹಿಂಗ ಮಾಡಿದಿ’ ಅನ್ನುತ್ತಾರೆ. ನಿಜಾನಾ ಅಕ್ಕಾ? ಮೈಯೊಳಗೆ ಆಗಿರುವುದಾದರೂ ಏನು?
– ಒಬ್ಬ ತಾಯಿ, ಬೆಟಗೇರಿ

ಸುಳ್ಳು ತಾಯಿ, ಶುದ್ಧ ಸುಳ್ಳು. ಉಂಡಿ ತಿಂದರೆ ಹಲ್ಲು ಹುಳುಕಾಗಬಹುದು, ಟೈಪ್ ಒನ್ ಬರುವುದಿಲ್ಲ. ಇದನ್ನು ನಿಮ್ಮ ಅತ್ತೆಯವರ ಮುಂದೆ ಜೋರಾಗಿ ಓದಿ. ಬೈದರೆ ನನ್ನನ್ನು ಬೈಯಲಿ.

ಹೊಟ್ಟೆಯ ಹಿಂದೆ, ಬೆನ್ನಿನ ಕಡೆಗೆ, ಮೇದೋಜೀರಕ ಅಂತ ಒಂದು ಗ್ರಂಥಿ ಇದೆ. ಪ್ಯಾಂಕ್ರಿಯಾಸ್ ಅಂತಾರಲ್ಲ, ಅದೇ. ಅದರಲ್ಲಿರುವ ಬೀಟಾ ಕಣಗಳು ಇನ್ಸುಲಿನ್ ತಯಾರಿಸುತ್ತವೆ, ಮೈಯಲ್ಲಿ ಬೇರೆ ಯಾರಿಗೂ ಆ ಕೆಲಸ ಬರುವುದಿಲ್ಲ. ರೋಗಾಣುಗಳ ಜೊತೆ ಹೊಡೆದಾಡಬೇಕಾದ ನಮ್ಮದೇ ರೋಗನಿರೋಧಕ ಶಕ್ತಿ ಗುರುತು ತಪ್ಪಿ ಈ ಕಣಗಳನ್ನೇ ವೈರಿ ಅಂದುಕೊಂಡು ಕೊಲ್ಲುತ್ತಾ ಹೋಗುತ್ತದೆ. ಒಂದೇ ದಿನಕ್ಕಲ್ಲ. ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ನಡೆದಿರುತ್ತದೆ. ನಿಮಗೆ ದೀಪಾವಳಿಯಲ್ಲಿ ಕಂಡದ್ದು ಕೊನೆಯ ಭಾಗ ಮಾತ್ರ. ಕರ್ಚಿಕಾಯಿ ಪಾಪ, ಆ ಹೊತ್ತಿಗೆ ಸರಿಯಾಗಿ ಸಿಕ್ಕಿಬಿತ್ತು ಅಷ್ಟೇ.

ಈಗ ಇನ್ಸುಲಿನ್ ಮಾಡುವ ಕೆಲಸ ಏನು ಅಂತ ನೋಡಿ. ಸುಗ್ಗಿ ಕಾಲದಲ್ಲಿ ಅಮರಗೋಳದ ಎಪಿಎಂಸಿ ನೋಡಿದ್ದೀರಾ? ಲಾರಿ ಮೇಲೆ ಲಾರಿ ಬಂದು ಚೀಲ ಇಳಿಯುತ್ತಿರುತ್ತವೆ, ಹಮಾಲರು ಬೆನ್ನ ಮೇಲೆ ಹೊತ್ತು ಅಂಗಡಿಯೊಳಗೆ ಒಟ್ಟುತ್ತಿರುತ್ತಾರೆ. ಒಂದು ದಿನ ಹಮಾಲರೇ ಬರಲಿಲ್ಲ ಅಂದುಕೊಳ್ಳಿ. ಲಾರಿ ಬರುವುದು ನಿಲ್ಲುವುದಿಲ್ಲ. ಚೀಲಗಳು ರಸ್ತೆ ತುಂಬಾ ಬೀಳುತ್ತವೆ, ಅಂಗಡಿ ಒಳಗೆ ಮಾತ್ರ ಒಂದು ಕಾಳು ಇಲ್ಲ. ನಿಮ್ಮ ಮಗಳ ಮೈಯಲ್ಲಿ ಆಗಿದ್ದು ಇದೇ. ಉಂಡ ಅನ್ನ, ರೊಟ್ಟಿ ಎಲ್ಲಾ ಸಕ್ಕರೆಯಾಗಿ ರಕ್ತಕ್ಕೆ ಬಂತು, ರಕ್ತದಿಂದ ಸ್ನಾಯುಗಳ ಒಳಗೆ ಒಯ್ಯುವವರು ಇಲ್ಲ. ರಕ್ತದಲ್ಲಿ 480 ಇದ್ದರೂ ಹುಡುಗಿ ಒಳಗೆ ಉಪವಾಸ.

ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಕಿಡ್ನಿಗೆ ತಡೆಯಲಾಗುವುದಿಲ್ಲ, ಮೂತ್ರಕ್ಕೆ ಬಿಡುತ್ತದೆ. ಸಕ್ಕರೆ ಹೋಗುವಾಗ ನೀರನ್ನೂ ಎಳೆದುಕೊಂಡೇ ಹೋಗುತ್ತದೆ. ಅದಕ್ಕೇ ಮೇಲಿಂದ ಮೇಲೆ ಮೂತ್ರ, ಅದಕ್ಕೇ ಆ ಬಾಯಾರಿಕೆ. ನೀರು ಜಾಸ್ತಿ ಕುಡಿದಿದ್ದಕ್ಕೆ ಮೂತ್ರ ಜಾಸ್ತಿ ಅಂತ ಮನೆಯವರು ಅಂದುಕೊಳ್ಳುತ್ತಾರೆ, ನಡೆದಿರುವುದು ಉಲ್ಟಾ. ಅಂಗಡಿಯಲ್ಲಿ ಕಾಳಿಲ್ಲದಾಗ ಮೈ ತನ್ನ ಕೊಬ್ಬನ್ನೇ ಸುಡಲು ಶುರು ಮಾಡುತ್ತದೆ. ಮಗು ಸೊರಗುವುದು ಹಾಗೆ. ಕೊಬ್ಬು ಹೀಗೆ ಎಗ್ಗಿಲ್ಲದೆ ಸುಟ್ಟಾಗ ಕೀಟೋನ್ ಅನ್ನುವ ಹುಳಿ ಪದಾರ್ಥ ಹುಟ್ಟಿ ರಕ್ತವನ್ನೇ ಹುಳಿ ಮಾಡುತ್ತದೆ. ಆಗ ವಾಂತಿ, ಹೊಟ್ಟೆ ನೋವು, ಏದುಸಿರು, ಬಾಯಿಂದ ಹಣ್ಣು ಕೊಳೆತಂಥ ವಾಸನೆ. ಅಲ್ಲಿಗೆ ಮುಟ್ಟಿದರೆ ಮನೆಯಲ್ಲಿ ಇಟ್ಟುಕೊಂಡು ಕೂರುವ ಮಾತೇ ಇಲ್ಲ, ಸೀದಾ ದೊಡ್ಡ ಆಸ್ಪತ್ರೆ.

ನನ್ನದೂ ಹೀಗೇ ಆಯಿತು. ಗದಗ ಕಡೆಯ ಹಳ್ಳಿ ನಮ್ಮದು, 1996. ನಾನು ಮೂತ್ರಕ್ಕೆ ಕೂರುತ್ತಿದ್ದ ಬಚ್ಚಲ ಮೂಲೆಗೆ ಕೆಂಪು ಇರುವೆ ಸಾಲು ಹಚ್ಚುತ್ತಿದ್ದವು. ಅಜ್ಜಿ ದಿನಾ ಬೂದಿ ಹಾಕಿ ಓಡಿಸುತ್ತಿದ್ದಳು, ಮರುದಿನ ಮತ್ತೆ ಅದೇ ಸಾಲು. ‘ಈ ಹುಡುಗಿ ಹೋದಲ್ಲೇ ಇರವಿ ಮುತ್ತತಾವಲ್ಲ’ ಅಂತ ಒಮ್ಮೆ ಅಂದಳು, ಎಲ್ಲರೂ ನಕ್ಕರು. ರೋಗ ಕಂಡುಹಿಡಿದಿದ್ದು ಅವಳೇ ಅಂತ ನಮಗೆ ತಿಳಿದಿದ್ದು ಎಷ್ಟೋ ದಿನದ ಮೇಲೆ. ಮಧುಮೇಹ ಅನ್ನುವ ಹೆಸರಲ್ಲೇ ಜೇನಿನಂಥ ಮೂತ್ರ ಇದೆ ಅಲ್ವಾ. ಆಮೇಲೆ ವಾಂತಿ ಶುರುವಾಯಿತು. ಹತ್ತಿರದ ಊರಿನಲ್ಲಿ ಒಬ್ಬರು ಬಿಸಿಲು ಹೊಡೆದಿದೆ ಅಂತ ಗ್ಲೂಕೋಸ್ ಸಲೈನ್ ಹಚ್ಚಿದರು! ಉರಿಯುವ ಬೆಂಕಿಗೆ ಸೀಮೆಎಣ್ಣೆ. ಹುಬ್ಬಳ್ಳಿಗೆ ತರುವಷ್ಟರಲ್ಲಿ ನನಗೆ ಎಚ್ಚರ ಇರಲಿಲ್ಲ. ಬೆರಳಿನ ಒಂದು ಹನಿ ರಕ್ತ, ಅಷ್ಟು ನೋಡಿದ್ದರೆ ಸಾಕಿತ್ತು. ಇವತ್ತು ಗ್ಲುಕೋಮೀಟರ್ ಐದಾರು ಸೆಕೆಂಡಿಗೆ ಹೇಳುತ್ತದೆ, ಆದರೂ ವಾಂತಿ ಅಂದರೆ ಹೊಟ್ಟೆ ಕೆಟ್ಟಿದೆ, ಏದುಸಿರು ಅಂದರೆ ನ್ಯುಮೋನಿಯಾ ಅಂತ ಮಕ್ಕಳನ್ನು ತಡಮಾಡಿ ತರುವುದು ನಿಂತಿಲ್ಲ. ನಿಮ್ಮ ಓಣಿಯಲ್ಲಿ ಯಾವುದೇ ಮಗು ಹಾಸಿಗೆ ಒದ್ದೆ ಮಾಡುವುದು ಬಿಟ್ಟು ಮತ್ತೆ ಶುರು ಮಾಡಿದರೆ, ಬೈಯುವುದಕ್ಕೆ ಮೊದಲು ಶುಗರ್ ನೋಡಿಸಿ ಅಂತ ಹೇಳಿ.

ನಮ್ಮ ತಂದೆಯವರಿಗೂ ಶುಗರ್ ಇದೆ, ಗುಳಿಗೆಯಲ್ಲೇ ಕಂಟ್ರೋಲ್ ಇದೆ. ಅದೇ ಗುಳಿಗೆ ಮಗನಿಗೆ ಯಾಕೆ ನಡೆಯುವುದಿಲ್ಲ?
– ಅಣ್ಣಿಗೇರಿ

ನಿಮ್ಮ ತಂದೆಯವರದು ಟೈಪ್ ಟೂ. ಅಲ್ಲಿ ಹಮಾಲರು ಇದ್ದಾರೆ, ಅಂಗಡಿ ಬಾಗಿಲು ಪೂರ್ತಿ ತೆರೆಯುತ್ತಿಲ್ಲ. ಗುಳಿಗೆ ಬಾಗಿಲು ಸಡಿಲ ಮಾಡುತ್ತದೆ, ಇಲ್ಲಾ ಇದ್ದ ಹಮಾಲರನ್ನು ಗದರಿಸಿ ಕೆಲಸ ತೆಗೆಯುತ್ತದೆ. ನಿಮ್ಮ ಮಗನ ಹತ್ತಿರ ಹಮಾಲರೇ ಇಲ್ಲ, ಗದರಿಸುವುದು ಯಾರನ್ನು? ಇನ್ಸುಲಿನ್ನನ್ನೇ ಗುಳಿಗೆ ಮಾಡಿ ನುಂಗಿಸೋಣ ಅಂದರೆ ಅದು ಪ್ರೋಟೀನು, ಬೇಳೆ ಜೀರ್ಣ ಆದಹಾಗೆ ಹೊಟ್ಟೆಯಲ್ಲೇ ಜೀರ್ಣ ಆಗಿಬಿಡುತ್ತದೆ. ಅದಕ್ಕೇ ಸೂಜಿ.

ಮಗನಿಗೆ 14 ವರ್ಷ. ಸೂಜಿ ಶುರು ಮಾಡಿ ಎರಡು ತಿಂಗಳಾಯಿತು. ಮೊದಲು ದಿನಕ್ಕೆ 36 ಯೂನಿಟ್ ಇತ್ತು, ಈಗ 10ಕ್ಕೆ ಇಳಿದಿದೆ, ಆದರೂ ಶುಗರ್ ಸರಿ ಇದೆ. ನಮ್ಮ ಕಡೆ ಒಬ್ಬರು ಬೇರಿನ ಔಷಧ ಕೊಡುತ್ತಾರೆ, ಮೂರು ಅಮಾವಾಸ್ಯೆಯಲ್ಲಿ ಪೂರಾ ಗುಣ ಅಂತಾರೆ. ಸೂಜಿ ಚಟ ಆಗುತ್ತದೆ ಅಂತಲೂ ಹೇಳಿದರು. ಬಿಡಿಸಲಾ?
– ರೈತರು, ನವಲಗುಂದ ತಾಲೂಕು

ಬಿಡಿಸಬೇಡಿ ಅಣ್ಣಾವರೆ. ಇವತ್ತೂ ಬೇಡ, ಅಮಾವಾಸ್ಯೆಗೂ ಬೇಡ.

ಯೂನಿಟ್ ಇಳಿದಿದ್ದಕ್ಕೆ ಕಾರಣ ಇದೆ. ಸೂಜಿ ಶುರುವಾದ ಕೂಡಲೇ, ಉಳಿದಿದ್ದ ಸ್ವಲ್ಪ ಬೀಟಾ ಕಣಗಳಿಗೆ ಉಸಿರಾಡಲು ಬಿಡುವು ಸಿಗುತ್ತದೆ. ಚೇತರಿಸಿಕೊಂಡು ಅವೂ ಒಂದಿಷ್ಟು ಇನ್ಸುಲಿನ್ ಕೊಡುತ್ತವೆ. ಡಾಕ್ಟರುಗಳು ಇದಕ್ಕೆ ಹನಿಮೂನ್ ಕಾಲ ಅಂತಲೇ ಹೆಸರಿಟ್ಟಿದ್ದಾರೆ. ಕೆಲವು ವಾರ, ಕೆಲವು ತಿಂಗಳು ನಡೆಯುತ್ತದೆ, ಆಮೇಲೆ ಆ ಕಣಗಳೂ ಹೋಗುತ್ತವೆ. ಬೇರು ಕೊಡುವವರಿಗೆ ಇದು ಒಳ್ಳೆಯ ಹಂಗಾಮು. ಶುಗರ್ ತಾನಾಗಿ ಇಳಿದಿರುವ ಹೊತ್ತಿನಲ್ಲಿ ಒಂದು ಪುಡಿ ಕೊಟ್ಟರೆ ಹೆಸರು ಪುಡಿಗೆ ಬರುತ್ತದೆ. ಸೂಜಿ ಬಿಟ್ಟು ಮಗು ಐಸಿಯು ಸೇರಿದರೆ ನೀವು ಪಥ್ಯ ಸರಿ ಮಾಡಲಿಲ್ಲ ಅಂತಾರೆ. ಹಾಗಲಕಾಯಿ ಪಲ್ಯ ಮಾಡಿ ತಿನ್ನಿಸಿ, ನನಗೂ ಇಷ್ಟ. ಅದು ಪಲ್ಯ ಮಾತ್ರ, ಇನ್ಸುಲಿನ್ ಅಲ್ಲ.

ಇನ್ನು ಚಟದ ಮಾತು. ಈ ಮಾತು ಕೇಳಿದರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ನಿಮ್ಮ ಹೊಲಕ್ಕೆ ನೀರಿನ ಚಟ ಇದೆ ಅಂತೀರಾ? ಎಲ್ಲರ ಮೈಯಲ್ಲೂ ಇನ್ಸುಲಿನ್ ಇದೆ, ನಿಮ್ಮಲ್ಲೂ ಈಗ ಹರಿಯುತ್ತಿದೆ. ನಿಮ್ಮ ಮಗನಿಗೆ ಒಳಗೆ ಹುಟ್ಟುತ್ತಿಲ್ಲ, ಹೊರಗಿನಿಂದ ಕೊಡುತ್ತಿದ್ದೇವೆ.

ಅದಿಲ್ಲದ ಕಾಲವೂ ಇತ್ತು. ಆಗ ಈ ಕಾಯಿಲೆ ಬಂದ ಮಕ್ಕಳನ್ನು ಉಪವಾಸ ಕೆಡವಿ ಒಂದಿಷ್ಟು ತಿಂಗಳು ಜೀವ ಹಿಡಿಯುತ್ತಿದ್ದರು, ಅಷ್ಟೇ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅನ್ನುವವರು ನಾಯಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ಹೊರತೆಗೆದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಅನ್ನುವ ಹುಡುಗನಿಗೆ ಮೊದಲ ಸೂಜಿ ಹಾಕಿದರು. ಅವನಿಗೂ ನಿಮ್ಮ ಮಗನ ವಯಸ್ಸೇ, 14. ತೂಕ ಬರೀ 29 ಕಿಲೊ. ಮೊದಲ ಸೂಜಿ ಅಷ್ಟು ಹಿಡಿಯಲಿಲ್ಲ, ಔಷಧ ಇನ್ನೂ ಶುದ್ಧ ಆಗಿರಲಿಲ್ಲ. ಕೊಲಿಪ್ ಅನ್ನುವವರು ಅದನ್ನು ಶುದ್ಧ ಮಾಡಿಕೊಟ್ಟರು, 12 ದಿನ ಬಿಟ್ಟು ಮತ್ತೆ ಹಾಕಿದಾಗ ಶುಗರ್ ಇಳಿಯಿತು. ಸಾಯಲು ಮಲಗಿದ್ದ ಹುಡುಗ ಎದ್ದು 1935ರವರೆಗೆ ಬದುಕಿದ. ಇನ್ಸುಲಿನ್ನಿನ ಹಕ್ಕನ್ನು ಬ್ಯಾಂಟಿಂಗ್, ಬೆಸ್ಟ್, ಕೊಲಿಪ್ ಮೂವರೂ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಒಂದೊಂದು ಡಾಲರಿಗೆ ಬರೆದುಕೊಟ್ಟರು. ನವೆಂಬರ್ 14 ಬ್ಯಾಂಟಿಂಗ್ ಹುಟ್ಟಿದ ದಿನ, ಜಗತ್ತಿನ ಡಯಾಬಿಟಿಸ್ ದಿನವೂ ಅದೇ, ನಮ್ಮಲ್ಲಿ ಮಕ್ಕಳ ದಿನಾಚರಣೆಯೂ ಅದೇ ದಿನ.

ಜ್ವರ ಬಂದಾಗ, ಮಗ ಊಟ ಬಿಟ್ಟಾಗ, ‘ಏನೂ ತಿಂದಿಲ್ಲ, ಇವತ್ತು ಸೂಜಿ ಯಾಕೆ’ ಅಂತಲೂ ಬಿಡಿಸಬೇಡಿ. ಜ್ವರದಲ್ಲಿ ಶುಗರ್ ಏರುವುದೇ ಜಾಸ್ತಿ. ಡೋಸು ಏರಿಸಬೇಕಾ ಇಳಿಸಬೇಕಾ ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಿ.

ನಮ್ಮ ಮನೆಯಲ್ಲಿ ಫ್ರಿಜ್ ಇಲ್ಲ. ಪಕ್ಕದ ಮನೆಯವರ ಫ್ರಿಜ್‌ನಲ್ಲಿ ಇನ್ಸುಲಿನ್ ಇಟ್ಟಿದ್ದೆವು, ಅವರು ಬರ್ಫದ ಖಾನೆಯಲ್ಲಿ ಇಟ್ಟಿದ್ದರಂತೆ, ಗಟ್ಟಿಯಾಗಿತ್ತು. ಕರಗಿಸಿ ಹಾಕಬಹುದಾ?
– ರೋಣ

ಹಾಕಬೇಡಿ, ಒಗೆಯಿರಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಮೊದಲಿನ ಹಾಗೇ ಇರಬಹುದು, ಕೆಲಸ ಮಾಡುತ್ತದೆ ಅಂತ ನಂಬುವ ಹಾಗಿಲ್ಲ.

ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಅಂದರೆ ಫ್ರಿಜ್ ಬಾಗಿಲಿನ ಖಾನೆ. ತೆರೆದದ್ದು ಹೊರಗೇ ಇರಬಹುದು, ಹೆಚ್ಚಿನವು ನಾಲ್ಕು ವಾರ ತಡೆಯುತ್ತವೆ, ಆದರೆ 25–30 ಡಿಗ್ರಿಯ ಒಳಗೆ. ನಮ್ಮ ಕಡೆ ಏಪ್ರಿಲ್ ಬಿಸಿಲಿನಲ್ಲಿ ಪತ್ರಾಸಿನ ಮನೆಯೊಳಗೆ 30 ಡಿಗ್ರಿ ಎಲ್ಲಿಂದ ತರೋಣ? ಅದಕ್ಕೆ ಮಡಕೆ ಇದೆ. ಅಗಲ ಬಾಯಿಯ ದೊಡ್ಡ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಸಣ್ಣ ಮಡಕೆ ಕೂರಿಸಿ. ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಸಣ್ಣ ಮಡಕೆಯಲ್ಲಿಡಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ. ನೆರಳು, ಗಾಳಿ ಎರಡೂ ಇರುವ ಜಾಗ ಬೇಕು. ದಿನಾ ಎರಡು ಸಲ ಮರಳಿಗೆ ನೀರು ಹಾಕಿ. ನಾವು ನೀರು ತಂಪು ಮಾಡಿಕೊಳ್ಳುವ ಉಪಾಯವೇ ಇದು. ನನ್ನ ಬಾಟಲಿ ಎಷ್ಟೋ ಬೇಸಿಗೆ ಹೀಗೇ ಕಳೆದಿದೆ.

ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ನಮ್ಮಲ್ಲಿ ಬಾಟಲಿ ಇನ್ಸುಲಿನ್ ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್ಟಿನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. 100 ಯೂನಿಟ್ಟಿನದಕ್ಕೆ ಕೇಸರಿ ಮುಚ್ಚಳದ್ದು. 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ಮೈಗೆ ಹೋಗುವುದು 25. ಜೀವಕ್ಕೇ ಕುತ್ತು. ಉಲ್ಟಾ ಮಾಡಿದರೆ 10ರ ಬದಲು 4. ಅಂಗಡಿಯವರು ‘ಎಲ್ಲಾ ಒಂದ ರೀ’ ಅಂದರೆ ನಂಬಬೇಡಿ, ಬಾಟಲಿ ಮೇಲಿನ ಅಂಕಿ ನೀವೇ ಓದಿ.

ಜೋಳದ ರೊಟ್ಟಿ ತಿಂದರೆ ಶುಗರ್ ಏರುವುದಿಲ್ಲ ಅಂತಾರೆ. ಮಗಳಿಗೆ ಬೇಕಾದಷ್ಟು ಕೊಡಬಹುದಾ? ಮತ್ತೆ ಧಾರವಾಡದಲ್ಲಿದ್ದು ಫೇಡೆ ಪೂರಾ ಬಂದ್ ಮಾಡಬೇಕಾ?
– ಸಪ್ತಾಪುರ, ಧಾರವಾಡ

ರೊಟ್ಟಿಯ ಬಗ್ಗೆ ನಮಗೆ ಅಭಿಮಾನ ಜಾಸ್ತಿ, ಅದಕ್ಕೇ ಈ ಮಾತು. ರೊಟ್ಟಿ ಒಳ್ಳೆಯದೇ, ನಾರು ಇದೆ, ಅನ್ನದಷ್ಟು ಬೇಗ ಏರಿಸುವುದಿಲ್ಲ. ಆದರೆ 100 ಗ್ರಾಂ ಜೋಳದ ಹಿಟ್ಟಿನಲ್ಲಿ ಹೆಚ್ಚೂಕಮ್ಮಿ 70 ಗ್ರಾಂ ಪಿಷ್ಟವೇ. ಅದು ಸಕ್ಕರೆ ಆಗಲೇಬೇಕು, ಅದಕ್ಕೆ ತಕ್ಕ ಇನ್ಸುಲಿನ್ ಬೀಳಲೇಬೇಕು.

ನನ್ನ ಮದುವೆಯಾದ ಹೊಸತರಲ್ಲಿ ಶುಗರ್ ದಿನಾ ಮಧ್ಯಾಹ್ನ 300 ತೋರಿಸುತ್ತಿತ್ತು. ಊಟ ಅದೇ, ಎರಡು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಡೋಸೂ ಅದೇ. ತಲೆ ಕೆಟ್ಟುಹೋಗಿತ್ತು. ಕೊನೆಗೆ ಅಡುಗೆಮನೆಗೆ ಸಣ್ಣ ತಕ್ಕಡಿ ತಂದು, ತಟ್ಟುವ ಮುಂಚೆ ಒಂದು ರೊಟ್ಟಿಯ ಹಿಟ್ಟು ತೂಗಿದೆ. ನಮ್ಮ ಅವ್ವ ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ತೆಗೆದುಕೊಳ್ಳುತ್ತಿದ್ದಳು. ಅತ್ತೆಯವರ ಕೈ ದೊಡ್ಡದು, 80! ಅಂದರೆ ಅವ್ವನ ರೊಟ್ಟಿಯಲ್ಲಿ 35 ಗ್ರಾಂ ಪಿಷ್ಟ, ಅತ್ತೆಯವರದರಲ್ಲಿ 56. ಎರಡು ರೊಟ್ಟಿ ಉಂಡೆ ಅಂತ ನಾನು ಲೆಕ್ಕ ಹಾಕುತ್ತಿದ್ದೆ, ಉಂಡಿದ್ದು ಮೂರರ ಮೇಲೆ. ಅದನ್ನು ಅತ್ತೆಯವರಿಗೆ ಹೇಳುವುದು ಹೇಗೆ ಅಂತ ಎರಡು ದಿನ ಯೋಚನೆ ಮಾಡಿದೆ. ಕೇಳಿ ನಕ್ಕರು, ‘ಹಂಗಾರ ನಿನಗ ಒಂದೂವರಿ’ ಅಂದರು.

ಹಾಗಾಗಿ ರೊಟ್ಟಿ ಎಣಿಸಬೇಡಿ, ಹಿಟ್ಟು ತೂಗಿ. ಒಂದು ವಾರ ತೂಗಿದರೆ ಕಣ್ಣಿಗೇ ಅಳತೆ ಬರುತ್ತದೆ. ಎಷ್ಟು ಪಿಷ್ಟಕ್ಕೆ ಎಷ್ಟು ಯೂನಿಟ್ ಅನ್ನುವುದು ಮಗುವಿನಿಂದ ಮಗುವಿಗೆ ಬೇರೆ, ಅದನ್ನು ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ಫೇಡೆಯೂ ಈ ಲೆಕ್ಕದಲ್ಲೇ ಬರುತ್ತದೆ. ಹಬ್ಬಕ್ಕೆ ಒಂದು, ಊಟದ ಜೊತೆ, ಸೂಜಿಯ ಲೆಕ್ಕದಲ್ಲಿ ಸೇರಿಸಿ ಕೊಡಿ. ಪೂರಾ ಬಂದ್ ಮಾಡಿದರೆ ಕದ್ದು ತಿನ್ನುತ್ತಾಳೆ. ಕದ್ದು ತಿಂದದ್ದಕ್ಕೆ ಸೂಜಿ ಇರುವುದಿಲ್ಲ. ನಾನೂ ತಿಂದವಳೇ.

ನಾನು ಶಿಕ್ಷಕಿ. ನನ್ನ ತರಗತಿಯ ಹುಡುಗನಿಗೆ ಟೈಪ್ ಒನ್ ಇದೆ. ಮೊನ್ನೆ ಊಟದ ಗಂಟೆಗೆ ಮೊದಲು ಸುಮ್ನೆ ಸಿಟ್ಟು ಮಾಡಿ ಪುಸ್ತಕ ಒಗೆದ. ಉದ್ಧಟತನ ಅಂತ ನಿಲ್ಲಿಸಿದೆ. ಆಮೇಲೆ ನೋಡಿದರೆ ಬೆವೆತು ನಡುಗುತ್ತಿದ್ದ. ಏನು ಮಾಡಬೇಕಿತ್ತು?
– ಸವಣೂರು ತಾಲೂಕು

ಪತ್ರ ಬರೆದಿರಲ್ಲ, ಅದೇ ದೊಡ್ಡದು. ಅವನ ಶುಗರ್ ಇಳಿದಿತ್ತು. ಬೆಳಿಗ್ಗೆ ಹಾಕಿದ ಇನ್ಸುಲಿನ್ ಕೆಲಸ ಮಾಡುತ್ತಲೇ ಇರುತ್ತದೆ, ಊಟ ತಡವಾದರೂ, ಮೈದಾನದಲ್ಲಿ ಓಡಿದರೂ ಅದು ನಿಲ್ಲುವುದಿಲ್ಲ. 70ರ ಕೆಳಗೆ ಹೋದರೆ ನಡುಕ, ಬೆವರು, ಎದೆ ಹೊಡೆದುಕೊಳ್ಳುವುದು, ಮಂಕು, ಕಾರಣ ಇಲ್ಲದ ಸಿಟ್ಟು. ಮಿದುಳಿಗೆ ಸಕ್ಕರೆ ಸಾಲದು, ಹುಡುಗನ ತಪ್ಪಲ್ಲ.

ಕೂಡಲೇ ಮೂರು ಟೀ ಚಮಚ ಸಕ್ಕರೆ ಇಲ್ಲವೇ ಗ್ಲೂಕೋಸ್ ಪುಡಿ ನೀರಲ್ಲಿ ಕಲಸಿ ಕುಡಿಸಿ. ಚಾಕೊಲೇಟ್ ಬೇಡ, ಕೊಬ್ಬು ಇರುವುದರಿಂದ ನಿಧಾನ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರಿಲ್ಲ ಅಂದರೆ ಮತ್ತೆ ಅಷ್ಟೇ. ಸರಿಯಾದ ಮೇಲೆ ಊಟ. ಒಬ್ಬನೇ ನೀರು ಕುಡಿಯಲು ಕಳಿಸಬೇಡಿ, ದಾರಿಯಲ್ಲೇ ಬಿದ್ದಾನು. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬೇಡಿ, ಉಸಿರಿಗೆ ಸಿಕ್ಕೀತು. ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ನಿಮ್ಮ ಟೇಬಲ್ ಖಾನೆಯಲ್ಲಿ ಒಂದು ಗ್ಲೂಕೋಸ್ ಪೊಟ್ಟಣ ಇಡಿ, ಬೇರೆ ಶಿಕ್ಷಕರಿಗೂ ಜಾಗ ತೋರಿಸಿ. ಶುಗರ್ ಏರಿದ ದಿನ ಮೂತ್ರಕ್ಕೆ ಹತ್ತು ಸಲ ಕೇಳುತ್ತಾನೆ, ಹೋಗಲು ಬಿಡಿ.

ನನಗೆ 24. ಹತ್ತು ವರ್ಷದಿಂದ ಇನ್ಸುಲಿನ್ ಮೇಲಿದ್ದೇನೆ. ಮನೆಯಲ್ಲಿ ವರ ನೋಡುತ್ತಿದ್ದಾರೆ. ಶುಗರ್ ಇರುವುದನ್ನು ಹೇಳಬೇಡ, ಮದುವೆಯಾದ ಮೇಲೆ ನೋಡಿಕೊಂಡರಾಯಿತು ಅಂತಾರೆ ಅಪ್ಪಾಜಿ. ನನಗೆ ಹುಟ್ಟುವ ಮಕ್ಕಳಿಗೂ ಬರುತ್ತದಾ?
– ಹೆಸರು ಬೇಡ, ರಾಣೆಬೆನ್ನೂರು

ಹೇಳು ತಂಗಿ. ನಿಶ್ಚಯಕ್ಕೆ ಮೊದಲೇ ಹೇಳು, ಆದರೆ ನೀನೇ ಹೇಳು. ದಿನಕ್ಕೆ ನಾಲ್ಕು ಸೂಜಿ ಅಂದರೆ ವರ್ಷಕ್ಕೆ 1,460. ಅಷ್ಟನ್ನು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಹಾಕಿಕೊಳ್ಳುತ್ತೀಯಾ? ಮುಚ್ಚಿಡಲು ಹೋಗಿ ಮದುವೆಯ ಎರಡು ದಿನ ಸೂಜಿ ಬಿಟ್ಟು, ಮೂರನೇ ದಿನ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಬಂದ ಮದುಮಗಳನ್ನು ನೋಡಿದ್ದೇನೆ. ಕೈಯಲ್ಲಿ ಮೆಹಂದಿ, ಅದರ ಮೇಲೇ ಸಲೈನ್. ಕೆಲವು ವರಗಳು ತಿರುಗಿ ಹೋಗುತ್ತವೆ, ಅದು ಸುಳ್ಳಲ್ಲ. ನನ್ನವೂ ಮೂರು ಹೋದವು. ಅಪ್ಪಾಜಿಗೆ ಇರುವುದು ಹೆದರಿಕೆ, ಅದನ್ನು ಜಗಳ ಮಾಡಿ ಹೋಗಲಾಡಿಸಲು ಆಗದು. ಒಮ್ಮೆ ನಿನ್ನ ಡಾಕ್ಟರ್ ಹತ್ತಿರ ಅವರನ್ನು ಕರೆದುಕೊಂಡು ಹೋಗು.

ತಾಯಿಗೆ ಟೈಪ್ ಒನ್ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಎರಡು ಮೂರು ಮಾತ್ರ. ತಂದೆಗಿದ್ದರೆ ಇನ್ನೊಂದಿಷ್ಟು ಜಾಸ್ತಿ. ಬಸುರಿಯಾಗುವ ಮುಂಚೆಯೇ ಡಾಕ್ಟರಿಗೆ ಹೇಳಿ ಮೂರು ತಿಂಗಳ ಸರಾಸರಿ, ಅದೇ ಎಚ್‌ಬಿಎ1ಸಿ, 6.5ರ ಹತ್ತಿರ ತಂದುಕೋ. ಮೊದಲ ವಾರಗಳಲ್ಲೇ ಕೂಸಿನ ಹೃದಯ, ಬೆನ್ನುಹುರಿ ರೂಪ ಪಡೆಯುವುದರಿಂದ ಆಮೇಲೆ ಸರಿ ಮಾಡಿಕೊಂಡರೆ ತಡ. ಹತ್ತು ವರ್ಷ ಆಗಿದೆ ಅಂದೆಯಲ್ಲ, ಕಣ್ಣಿನ ಪರದೆ, ಮೂತ್ರದಲ್ಲಿ ಅಲ್ಬುಮಿನ್ ಅನ್ನುವ ಪ್ರೋಟೀನು, ಇವೆರಡನ್ನೂ ಪ್ರತಿ ವರ್ಷ ನೋಡಿಸುತ್ತಿದ್ದೀಯಾ? ವರ್ಷಗಟ್ಟಲೆ ಶುಗರ್ ಏರಿಯೇ ಇದ್ದರೆ ಕಣ್ಣು, ಕಿಡ್ನಿ, ಕಾಲಿನ ನರಗಳ ಸಣ್ಣ ರಕ್ತನಾಳ ಹಾಳಾಗುತ್ತವೆ, ನೋವೇ ಇರುವುದಿಲ್ಲ. ನೋಡಿಸಿಲ್ಲ ಅಂದರೆ ಈ ತಿಂಗಳೇ ಹೋಗು.

ನಾನು 7ನೇ ಇಯತ್ತೆ. ಕ್ರಿಕೆಟ್ ಆಡಬೇಡ ಅಂತಾರೆ, ಶುಗರ್ ಇದೆ ಅಂತ. ನನ್ನ ಗೆಳೆಯ ನನ್ನ ಬುತ್ತಿ ಮುಟ್ಟುವುದಿಲ್ಲ, ಅಂಟುತ್ತೆ ಅಂತಾನೆ. ಅಂಟುತ್ತಾ?
– ಕುಂದಗೋಳ

ಅಂಟಲ್ಲ ಪುಟ್ಟಾ. ನಾನು ನನ್ನ ಮಗನಿಗೆ ಹನ್ನೆರಡು ವರ್ಷದಿಂದ ನನ್ನ ತಾಟಿನಲ್ಲೇ ಉಣ್ಣಿಸುತ್ತಿದ್ದೇನೆ, ಅವನಿಗೆ ಅಂಟಿದ್ದು ನನ್ನ ಮೊಂಡುತನ ಮಾತ್ರ.

ಕ್ರಿಕೆಟ್ ಆಡು. ಪಾಕಿಸ್ತಾನದ ವಾಸಿಂ ಅಕ್ರಂ ಗೊತ್ತಾ? ನಿನ್ನ ಅಪ್ಪನನ್ನು ಕೇಳು, ಚೆಂಡು ಹೇಗೆ ತಿರುಗಿಸುತ್ತಿದ್ದ ಅಂತ ಹೇಳುತ್ತಾರೆ. 1997ರಲ್ಲಿ, ಮೂವತ್ತರ ವಯಸ್ಸಿನಲ್ಲಿ ಅವನಿಗೆ ಟೈಪ್ ಒನ್ ಬಂತು. ಎರಡು ವರ್ಷದ ಮೇಲೆ, 1999ರಲ್ಲಿ, ತಂಡದ ನಾಯಕನಾಗಿ ವಿಶ್ವಕಪ್ ಫೈನಲ್ ಆಡಿದ. ಸೋತ ಅನ್ನು, ಅದಕ್ಕೆ ಶುಗರ್ ಕಾರಣ ಅಲ್ಲ.

ಆಟಕ್ಕೆ ಮೊದಲು ಶುಗರ್ ನೋಡಿಕೋ. ಕಡಿಮೆ ಇದ್ದರೆ ಒಂದು ಬಾಳೆಹಣ್ಣು ತಿಂದು ಇಳಿ. ತುಂಬಾ ಏರಿದ್ದು ಹೊಟ್ಟೆ ನೋವು, ವಾಂತಿ ಇದ್ದರೆ ಆ ದಿನ ಆಟ ಬೇಡ. ಜಾಸ್ತಿ ಆಡಿದ ದಿನ ರಾತ್ರಿ ಮಲಗಿದಾಗಲೂ ಶುಗರ್ ಇಳಿಯಬಹುದು, ಮಲಗುವ ಮುಂಚೆ ಇನ್ನೊಮ್ಮೆ ನೋಡು, ಅವ್ವನಿಗೂ ಹೇಳು. ಗ್ಲೂಕೋಸ್ ಯಾವಾಗಲೂ ಜೇಬಿನಲ್ಲಿರಲಿ. ಚಡ್ಡಿಗೆ ಜೇಬಿಲ್ಲದಿದ್ದರೆ ಒಂದು ಹೊಲಿಸಿಕೋ, ಗುಂಡಿ ಇರುವಂಥದ್ದು, ರನ್ ಓಡುವಾಗ ಬಿದ್ದುಹೋಗಬಾರದು.